ಹಾವುಮೀನಿಗೆ ಎರೆದ ಹಾಲು

ನಾಗರ ಪಂಚಮಿಯ ದಿನ ಬೆಳಿಗ್ಗೆ ನಾನು ಶೇಂಗಾ ಉಂಡಿ ಕಟ್ಟುತ್ತಿದ್ದೆ. ಬೆಲ್ಲದ ಪಾಕ ಬಿಸಿ ಇರುವಾಗಲೇ ಕಟ್ಟಿ ಮುಗಿಸಬೇಕು. ಆರಿತೋ, ಉಂಡಿ ನಿಲ್ಲುವುದಿಲ್ಲ. ಎರಡೂ ಅಂಗೈಗೆ ಪಾಕ ಮೆತ್ತಿಕೊಂಡಿದ್ದಾಗ ಫೋನು ಬಂತು. ಮೊಣಕೈಯಿಂದ ಒತ್ತಿ ಮಾತಾಡಿದೆ. ಖಾನಾಪುರದ ಹಂಚಿನ ಕಾರ್ಖಾನೆಯವರ ಸೊಸೆ ಸುಜಾತಾ.

"ಅಕ್ಕಾರ, ಆಯಿ ಹಾಲು ಎರದಾರ್ರಿ," ಅಂದಳು. ಆಯಿ ಅಂದರೆ ಅವಳ ಅತ್ತೆ.

"ಎರೀಲಿ ಬಿಡವಾ, ಪಂಚಮಿ ಐತಿ."

"ಹುತ್ತಕ್ಕಲ್ರಿ. ಪಡಸಾಲ್ಯಾಗಿನ ಟ್ಯಾಂಕಿಗಿ ಎರದಾರ. ನೀರೆಲ್ಲಾ ಬೆಳ್ಳಗ ಆಗೇತಿ, ಹಾವುಮೀನು ಕಾಣವಲ್ದು."

ಕೈಯಲ್ಲಿದ್ದ ಉಂಡಿ ಅಲ್ಲೇ ಪುಡಿಯಾಯಿತು. ಗಾಳಿಯ ಪಂಪುಗಳನ್ನೆಲ್ಲ ಚಾಲೂ ಮಾಡು, ಮುಚ್ಚಳ ತೆಗೆದಿಡು, ಕೈ ಮಾತ್ರ ಹಾಕಬೇಡ, ನಾನು ಬರುವವರೆಗೆ ಯಾರೂ ಏನೂ ಹಾಕಬೇಡಿ ಎಂದು ಹೇಳಿ ಕೈ ತೊಳೆದುಕೊಂಡೆ. ಉಂಡಿಯ ಪಾತೇಲಿಯನ್ನು ಮನೆಯವರ ಮುಂದಿಟ್ಟು, ಉಳಿದದ್ದನ್ನು ನೀವೇ ಕಟ್ಟಿ ಅಂದೆ. ಅವರು ಮಚ್ಛೆಯ ಫೌಂಡ್ರಿಯಲ್ಲಿ ಬೆಂಕಿಯ ಮುಂದೆ ನಿಂತವರು, ಬಿಸಿಗೆ ಅಂಜುವುದಿಲ್ಲ. ಆದರೆ ಅವರು ಕಟ್ಟಿದ ಉಂಡಿಗಳಲ್ಲಿ ಒಂದು ಇನ್ನೊಂದರಂತೆ ಇರಲಿಲ್ಲ.

ನಾನು ಕೆಲಸ ಬಿಟ್ಟು ಈಗ ಎರಡು ವರ್ಷವಾಯಿತು. ನಾನು ದುಡಿಯುತ್ತಿದ್ದ ಅಂಗಡಿಗೆ ಹೊಸದಾಗಿ ಸೇರಿದ ಇಬ್ಬರು ಹೆಣ್ಣುಮಕ್ಕಳು ಬಂದು, ನೀವು ಕಂಡದ್ದನ್ನು ಬರೆದುಕೊಡಿ ಎಂದು ಕೂತರು. ಅವರಿಗಾಗಿ ಬರೆಯುತ್ತಿದ್ದೇನೆ. ಪಗಾರ ಯಾವಾಗ ಏರಿತು, ಅಂಗಡಿಯಲ್ಲಿ ನನಗೆ ಕುರ್ಚಿ ಯಾವಾಗ ಬಂತು ಎಂಬುದರಿಂದ ಅವರಿಗೆ ಉಪಯೋಗವಿಲ್ಲ. ಎಲ್ಲಿ ತಪ್ಪಿದೆ ಎಂಬುದು ಉಪಯೋಗವಾದೀತು.

ಬೆಳಗಾವಿಯ ಶಹಾಪುರದ ನಮ್ಮ ಓಣಿಯಲ್ಲೇ ಸುತಾರರ ಅಂಗಡಿ. ಸಾಕುವ ಮೀನಿನ ಅಂಗಡಿ. ಮೊದಲು ಅವರು ಸಿಹಿನೀರಿನ ಬಣ್ಣದ ಮೀನು ಮಾರುತ್ತಿದ್ದರು. ಆಮೇಲೆ ಊರಲ್ಲಿ ಕೆಲವರಿಗೆ ಸಮುದ್ರದ ಮೀನು ಮನೆಯಲ್ಲಿ ಬೇಕೆಂಬ ಹುಚ್ಚು ಹಿಡಿಯಿತು. ಅದರಲ್ಲೂ ಸಣ್ಣ ಮೀನಲ್ಲ. ಬೇಟೆಯಾಡುವ ದೊಡ್ಡ ಮೀನು, ಬಂದವರು ನೋಡಿ ಒಂದು ಹೆಜ್ಜೆ ಹಿಂದೆ ಸರಿಯುವಂಥದ್ದು. ಅಂಥ ಟ್ಯಾಂಕನ್ನು ವಾರಕ್ಕೊಮ್ಮೆಯಾದರೂ ನೋಡಲೇಬೇಕು. ಗಂಡಸರು ಕೆಲಸಕ್ಕೆ ಹೋದ ಮೇಲೆ ಮನೆಯೊಳಗೆ ಪರ ಗಂಡಸನ್ನು ಯಾರು ಬಿಡುತ್ತಾರೆ? ಸುತಾರರು ನಮ್ಮ ಬಾಗಿಲಿಗೆ ಬಂದು, "ವೈನಿ, ನೀವು ಉಪ್ಪಿನಕಾಯಿ ಹಾಕೂದು ನೋಡೇನಿ. ಉಪ್ಪಿನ ಅಳತಿ ನಿಮಗ ಬರ್ತೈತಿ. ನಂದೂ ಅದ ಕೆಲಸ," ಅಂದರು.

ನಾನು ಇಷ್ಟಲಿಂಗ ಪೂಜೆ ಮಾಡದೆ ನೀರು ಕುಡಿಯುವವಳಲ್ಲ; ನಮ್ಮ ಮನೆಯೊಳಗೆ ಮೊಟ್ಟೆ ಬಂದಿಲ್ಲ. ಆ ಮೀನುಗಳೋ ಸಿಗಡಿ, ಮಾಂಸ ಬಿಟ್ಟು ಬೇರೆ ಮುಟ್ಟುವುದಿಲ್ಲ. ಅತ್ತೆಯವರನ್ನು ಕೇಳಿದೆ. ಅವರು ಅವರೆಕಾಯಿ ಸುಲಿಯುತ್ತ ತಲೆ ಎತ್ತದೆ, "ಅದರ ಊಟ ಅದಕ್ಕ, ನಮ್ಮ ಊಟ ನಮಗ. ಬಂದ ಮ್ಯಾಲ ಜಳಕಾ ಮಾಡ, ಆತು," ಅಂದರು. ದೇವರು ನನಗೆ ಅಂಥ ಅತ್ತೆಯನ್ನು ಕೊಟ್ಟಿದ್ದ. ಚಾಕು, ಹಲಗೆ, ಬಟ್ಟೆ ಎಲ್ಲ ಅಂಗಡಿಯಲ್ಲೇ ಬೇರೆ ಇಟ್ಟೆ. ಮೊದಲ ವಾರ ಮುಖ ತಿರುಗಿಸಿ ಸಿಗಡಿ ಕತ್ತರಿಸಿ ಬೆರಳು ಕೊಯ್ದುಕೊಂಡೆ. ಎರಡನೆಯ ವಾರದಿಂದ ನೋಡಿಯೇ ಕತ್ತರಿಸಿದೆ.

ಆ ಕಾಲದಲ್ಲಿ ಈ ಮೀನುಗಳಿಗೆ ಜೀವಂತ ಸಣ್ಣ ಮೀನನ್ನು ಹಾಕುತ್ತಿದ್ದರು. ನೋಡಲು ಮಂದಿ ಸೇರುತ್ತಿದ್ದರು. ನನ್ನ ಕೈಯಿಂದ ಅದು ಆಗಲಿಲ್ಲ. ಉದ್ದ ಚಿಮಟಿಗೆಯ ತುದಿಗೆ ಸತ್ತ ಸಿಗಡಿ ಸಿಕ್ಕಿಸಿ ನೀರಲ್ಲಿ ಅಲ್ಲಾಡಿಸುತ್ತ ತಾಸುಗಟ್ಟಲೆ ನಿಲ್ಲುತ್ತಿದ್ದೆ. ಮೂರನೆಯ ದಿನವೋ ನಾಲ್ಕನೆಯ ದಿನವೋ ಮೀನು ಹಟ ಬಿಟ್ಟು ಹಿಡಿಯುತ್ತಿತ್ತು. ಜೀವಂತ ಮೀನಿನ ಜೊತೆ ರೋಗವೂ ಟ್ಯಾಂಕಿಗೆ ಬರುತ್ತದೆಂದು ಸುತಾರರಿಗೆ ಆಮೇಲೆ ತಿಳಿಯಿತು, ಎಲ್ಲ ಕಡೆ ಚಿಮಟಿಗೆ ಬಂತು.

ಇನ್ನೊಂದು ಹೇಳಿಬಿಡುತ್ತೇನೆ. ಸೋಮವಾರ ನನಗೆ ಉಪವಾಸ. ಉಪವಾಸದ ದಿನ ಸಿಗಡಿ ಮುಟ್ಟಲು ಮನಸ್ಸಾಗದೆ ಮೀನುಗಳಿಗೂ ಸೋಮವಾರ ಉಪವಾಸ ಹಾಕಿದೆ, ಯಾರಿಗೂ ಹೇಳದೆ. ಮುಂದೆ ಗುರುವಾರವೂ ಬಿಟ್ಟೆ. ಸುತಾರರಿಗೆ ಗೊತ್ತಾದಾಗ ಬೈಯುತ್ತಾರೆಂದು ಕಾದೆ. ಅವರು ಟ್ಯಾಂಕನ್ನು ಸುತ್ತಿ ನೋಡಿ, ನೀರು ತಿಳಿಯಾಗಿದೆ, ಮೀನು ಚುರುಕಾಗಿದೆ, ಏನು ಔಷಧಿ ಹಾಕಿದಿರಿ ಎಂದು ಕೇಳಿದರು. ಬೆಳೆದ ಬೇಟೆಮೀನಿಗೆ ದಿನಾ ಹಾಕಿದರೆ ಕೊಬ್ಬು ಬಂದು ಸಾಯುತ್ತದೆ. ವಾರಕ್ಕೆ ಎರಡು ಮೂರು ಸಲ ಸಾಕು.

ಬೈಸಿಕೊಳ್ಳಬೇಕಾದದ್ದು ಬೇರೆ ಇತ್ತು. ಟ್ಯಾಂಕಿನ ನೀರು ದಿನಾ ಸ್ವಲ್ಪ ಸ್ವಲ್ಪ ಆರಿ ಕಡಿಮೆಯಾಗುತ್ತದೆ. ಉಪ್ಪಿನಕಾಯಿಗೆ ರಸ ಕಡಿಮೆಯಾದರೆ ಉಪ್ಪುನೀರು ಕಾಯಿಸಿ ಆರಿಸಿ ಹಾಕುವ ರೂಢಿ ನನ್ನದು. ಟಿಳಕವಾಡಿಯ ಒಂದು ಮನೆಯಲ್ಲಿ ಹಾಗೆಯೇ ತಿಂಗಳು ಪೂರ್ತಿ ಉಪ್ಪುನೀರನ್ನೇ ತುಂಬುತ್ತ ಹೋದೆ. ನೀರು ಆರುತ್ತದೆ, ಉಪ್ಪು ಆರುವುದಿಲ್ಲವಲ್ಲ. ಆ ಮನೆಯ ಮೀನು ಸತ್ತಿತು. ತಪ್ಪು ನನ್ನದೇ. ಆ ಮನೆಗೆ ಹೋಗಿ ನನ್ನದೇ ಎಂದು ಹೇಳಿ ಬಂದೆ. ಅಂದಿನಿಂದ ಕಡಿಮೆಯಾದಷ್ಟಕ್ಕೆ ಸಿಹಿನೀರು, ಬದಲಿಸುವಷ್ಟಕ್ಕೆ ಉಪ್ಪುನೀರು ಎಂದು ಕ್ಯಾನುಗಳಿಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಿದೆ. ಈಗ ಒಂದು ಹನಿ ನೀರು ಹಾಕಿ ಕಣ್ಣಿಗೆ ಹಿಡಿದರೆ ಉಪ್ಪಿನ ಅಳತೆ ತೋರಿಸುವ ಕೊಳವೆ ಬಂದಿದೆ. ಆದರೂ ದಾರ ಬಿಚ್ಚಬೇಡಿ.

ಪಂಚಮಿಯ ದಿನ ಖಾನಾಪುರದ ಬಸ್ಸಿನ ತುಂಬ ತವರಿಗೆ ಹೊರಟ ಹೆಣ್ಣುಮಕ್ಕಳು. ತೊಡೆಯ ಮೇಲೆ ಉಂಡಿಯ ಡಬ್ಬಿ, ಮಗ್ಗುಲಲ್ಲಿ ಮಕ್ಕಳು. ನನಗೆ ಕಿಟಕಿಯ ಬಾಜು ಸೀಟು ಸಿಕ್ಕಿತು. ಅವಸರದಲ್ಲೂ ಅದನ್ನು ನೆನೆದು ಕೈಮುಗಿದೆ. ಸುತಾರರು ಅಂಗಡಿಯಲ್ಲಿ ಕಲಸಿಟ್ಟಿದ್ದ ಉಪ್ಪುನೀರನ್ನು ವ್ಯಾನಿಗೆ ತುಂಬಿಸಿ ಹಿಂದಿನಿಂದ ಬರುವುದೆಂದು ಮಾತಾಗಿತ್ತು.

ಮಚ್ಛೆ ದಾಟುವಾಗ ಅಲ್ಲಿಯ ಒಬ್ಬ ಕಾರ್ಖಾನೆಯವರ ನೆನಪಾಗಿ ನಗು ಬಂತು. ಅವರು ಬೆರಳುದ್ದದ ಗ್ರೂಪರ್ ಮೀನು ಒಯ್ದಿದ್ದರು. ಇದು ಮೊಳದುದ್ದ ಬೆಳೆಯುತ್ತದೆ, ಬಾಯಿಗೆ ಹಿಡಿಸುವುದನ್ನೆಲ್ಲ ನುಂಗುತ್ತದೆ ಎಂದರೆ ಕೇಳಲಿಲ್ಲ. ವಾರಕ್ಕೊಮ್ಮೆ ಫೋನು ಮಾಡಿ, ಒಂದು ಮೀನು ಕಳುವಾಗಿದೆ ಎನ್ನುತ್ತಿದ್ದರು. ಮನೆಯ ಕೆಲಸದವಳ ಮೇಲೆ ಸಂಶಯ ಪಟ್ಟಾಗ ನಾನೇ ಹೋಗಿ ಗ್ರೂಪರಿನ ಹೊಟ್ಟೆ ತೋರಿಸಬೇಕಾಯಿತು. ಕಡೆಗೆ ಅದು ಟ್ಯಾಂಕಿನಲ್ಲಿ ತಿರುಗಲಾರದಷ್ಟು ಬೆಳೆದು, ಗೋವೆಯ ಕಡೆ ದೊಡ್ಡ ಕೊಳ ಇದ್ದವರೊಬ್ಬರಿಗೆ ಕೊಟ್ಟುಬಂದೆವು. ಕೊಳ್ಳಲು ಬಂದವರಿಗೆ ಬೇಡ ಎಂದು ಹೇಳುವುದು ನಮ್ಮ ಕೆಲಸದ ಅರ್ಧ. ಕೇಳುವುದಿಲ್ಲವೆಂದು ಗೊತ್ತಿದ್ದರೂ ಹೇಳಬೇಕು.

ಅಷ್ಟು ನೆನೆದಾಗ ನಗು ನಿಂತುಹೋಯಿತು. ಏಕೆಂದರೆ ಖಾನಾಪುರದ ಮನೆಯಲ್ಲಿ ನಾನು ಹೇಳಬೇಕಾದದ್ದನ್ನು ಹೇಳಿರಲಿಲ್ಲ.

ಆ ಮನೆಯ ಮಗ, ಸುಜಾತಾಳ ಗಂಡ ರಾಜಶೇಖರನಿಗೆ ಮೀನಿನ ಹುಚ್ಚು. ಅವನ ತಾಯಿಗೆ ಎಂಬತ್ತರ ಹತ್ತಿರ. ಊರೆಲ್ಲ ಆಯಿ ಎಂದೇ ಕರೆಯುವುದು. ಆ ಪಂಚಮಿಗೆ ಮೂರು ವರ್ಷ ಮೊದಲು ಟ್ಯಾಂಕು ಕೂರಿಸಲು ಹೋದಾಗ ಆಯಿ ಬಾಗಿಲಲ್ಲೇ ಕೋಲು ಅಡ್ಡ ಇಟ್ಟು, ಲಿಂಗದ ಮನೆಯೊಳಗೆ ಮೀನು ಬೇಡ ಅಂದರು. ನನ್ನ ಕೈಯ ಚೀಲದಲ್ಲಿ ತೋಳಿನಷ್ಟು ದಪ್ಪದ, ಮೈಮೇಲೆ ಚುಕ್ಕಿ ಇದ್ದ ಹಾವುಮೀನು. ಅಂಗಡಿಯಲ್ಲಿ ಅದಕ್ಕೆ ಮೊರೆ ಎನ್ನುತ್ತೇವೆ. ಆಯಿ ಅದನ್ನು ನೋಡಿ, "ಇದು ಹಾವೇನ?" ಎಂದು ಕೇಳಿದರು. "ಹಾವಿನ ಪೈಕಿನ ಅನ್ಕೋರಿ," ಎಂದುಬಿಟ್ಟೆ. ಕೋಲು ಸರಿಯಿತು. ಅಂದಿನಿಂದ ಆಯಿ ಅದಕ್ಕೆ ನಾಗಪ್ಪ ಎಂದು ಕರೆದು, ದಿನಾ ಟ್ಯಾಂಕಿನ ಮುಂದೆ ಊದಿನಕಡ್ಡಿ ಹಚ್ಚುತ್ತಿದ್ದರು. ಹೊಗೆ ಬೇಡವೆಂದು ಕಡ್ಡಿಯನ್ನು ಕಿಟಕಿಗೆ ಸರಿಸಿದೆನೇ ಹೊರತು ಮಾತನ್ನು ಸರಿಪಡಿಸಲಿಲ್ಲ.

ಮನೆ ತಲುಪಿದಾಗ ರಾಜಶೇಖರ ಇರಲಿಲ್ಲ. ಪಂಚಮಿಗೆ ತಂಗಿಯನ್ನು ಕರೆತರಲು ಧಾರವಾಡಕ್ಕೆ ಹೋಗಿದ್ದ. ಟ್ಯಾಂಕಿನ ನೀರು ಅಕ್ಕಿ ತೊಳೆದ ನೀರಿನಂತಿತ್ತು. ನೀರಿನ ಹೊಲಸನ್ನು ನೊರೆ ಮಾಡಿ ಹೊರಹಾಕುವ ಯಂತ್ರ ಉಕ್ಕಿ, ನೊರೆ ನೆಲಕ್ಕೆಲ್ಲ ಹರಿದಿತ್ತು. ಆಯಿ ಗೋಡೆಗೆ ಒರಗಿ ಕೂತಿದ್ದರು, ಕೈಯಲ್ಲಿ ರುದ್ರಾಕ್ಷಿ ಸರ.

ಆ ಮನೆಯಲ್ಲಿ ಕಲಸಿದ ಉಪ್ಪುನೀರಿನ ಒಂದು ಡ್ರಮ್ಮು ಸದಾ ತಯಾರಿರಲಿ ಎಂದು ನಾನು ಜಗಳವಾಡಿ ಇಡಿಸಿದ್ದೆ. ಸುಜಾತಾ ಅದನ್ನು ಖಾಲಿ ಮಾಡಿರಲಿಲ್ಲ. ಆ ದಿನ ಕರೆಂಟೂ ಹೋಗಿರಲಿಲ್ಲ. ಎರಡಕ್ಕೂ ಮನಸ್ಸಿನಲ್ಲೇ ಶರಣು ಅಂದೆ.

ಹಾವುಮೀನನ್ನು ಜಾಳಿಗೆಯಲ್ಲಿ ಹಿಡಿಯಲು ಹೋಗಬಾರದು. ಕಚ್ಚುತ್ತದೆ, ಮೈ ಹರಿದುಕೊಳ್ಳುತ್ತದೆ. ಅದು ಮಲಗುವ ಪ್ಲಾಸ್ಟಿಕ್ ಪೈಪು ಟ್ಯಾಂಕಿನ ತಳದಲ್ಲೇ ಇರುತ್ತದೆ. ಅಂಜಿದಾಗ ಅದರೊಳಗೇ ಹೊಗುತ್ತದೆ. ದಪ್ಪ ಕೈಗವಸು ತೊಟ್ಟು ಕೋಲಿನಿಂದ ತಡಕಿ, ಪೈಪಿನ ಎರಡೂ ಬಾಯಿಗೆ ಮುಚ್ಚಳ ಒತ್ತಿ ಮೇಲೆತ್ತಿದೆ. ಒಳಗೆ ಭಾರವಿತ್ತು, ಅಲುಗಾಟ ಇರಲಿಲ್ಲ. ಡ್ರಮ್ಮಿಗೆ ಇಳಿಸಿ ಮುಚ್ಚಳ ತೆಗೆದೆ. ಸ್ವಲ್ಪ ಹೊತ್ತಿಗೆ ತಲೆ ಹೊರಬಂತು. ಹಾವುಮೀನು ಸದಾ ಬಾಯಿ ತೆರೆದು ಮುಚ್ಚುತ್ತಿರುತ್ತದೆ. ಹೊಸಬರು ಕಚ್ಚಲು ಬರುತ್ತಿದೆ ಎಂದುಕೊಳ್ಳುತ್ತಾರೆ, ಅದು ಬರೀ ಉಸಿರು. ಆದರೆ ಅಂದಿನದು ಓಡಿಬಂದವರ ಏದುಸಿರು.

ಈಗ ಟ್ಯಾಂಕು. ಎಷ್ಟು ನೀರು ಬದಲಿಸಬೇಕೆಂದು ತಿಳಿಯಲು ಎಷ್ಟು ಹಾಲು ಬಿದ್ದಿದೆ ಎಂದು ಗೊತ್ತಾಗಬೇಕು. ಮನೆಯ ಎಮ್ಮೆಯ ಹಾಲು, ಚರಿಗೆಯಲ್ಲಿ ತಂದದ್ದು, ಲೆಕ್ಕವಿಲ್ಲ. ಆಯಿಯನ್ನು ಕೇಳಿದರೆ, ಸಣ್ಣ ಬೆಳ್ಳಿ ಬಟ್ಟಲಿನಿಂದ ಹೆಸರಿಗೆ ಒಂದರಂತೆ ಎರೆದೆ, ಎಷ್ಟಾಯಿತೋ ಯಾರಿಗೆ ಗೊತ್ತು ಅಂದರು. ನಮ್ಮ ಕಡೆ ಪಂಚಮಿಗೆ ಹಾಲೆರೆಯುವಾಗ ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು ಎಂದು ಮನೆಯ ಒಬ್ಬೊಬ್ಬರ ಹೆಸರು ಹೇಳಿ ಎರೆಯುತ್ತಾರೆ. ಹಾಗಾದರೆ ಹೆಸರುಗಳನ್ನೇ ಮತ್ತೊಮ್ಮೆ ಹೇಳಿ ಎಂದೆ. ಸುಜಾತಾ ಹೆಸರಿಗೊಂದರಂತೆ ಶೇಂಗಾ ಕಾಳನ್ನು ತಟ್ಟೆಯಲ್ಲಿಡುತ್ತ ಹೋದಳು. ಆಯಿ ಕಣ್ಣು ಮುಚ್ಚಿ ಸುರುಮಾಡಿದರು. ತೀರಿಹೋದ ಯಜಮಾನರು, ನಾಲ್ವರು ನೆಗೆಣ್ಣಿಯರು, ಅವರ ಮಕ್ಕಳು, ಮೊಮ್ಮಕ್ಕಳು, ಹುಬ್ಬಳ್ಳಿಯ ಬೀಗರು. ಕಾರ್ಖಾನೆಯ ಭಟ್ಟಿಯ ಪಾಲು. ಎಮ್ಮೆಯ ಪಾಲು. ಕರುವಿನ ಪಾಲು ಬೇರೆ. "ನೀಲಕ್ಕನ ಪಾಲು," ಎಂದಾಗ ನಾನು ತಿರುಗಿ ನೋಡಿದೆ. ನೀಲಕ್ಕ ನಾನೇ. ಇಷ್ಟು ವರ್ಷ ಬೇರೆಯವರ ಮನೆ ತಿರುಗಿದ್ದಕ್ಕೆ ಅದಕ್ಕಿಂತ ದೊಡ್ಡ ಇನಾಮು ನನಗೆ ಸಿಕ್ಕಿಲ್ಲ.

ಕೊನೆಯ ಹೆಸರು ರಾಜಶೇಖರನದು, ಅದರ ಮೊದಲು ಸುಜಾತಾಳದು. ನಲವತ್ತೊಂದು ಕಾಳಾಯಿತು. ಸುಜಾತಾ ಮುಗಿಯಿತೇ ಎಂದು ಕೇಳಿದಳು.

"ಇನ್ನೊಂದು ಇಡ," ಅಂದರು ಆಯಿ.

"ಯಾರದ್ರಿ ಅದು?"

ಆಯಿ ಸೊಸೆಯ ಹೊಟ್ಟೆಯ ಕಡೆ ಗದ್ದ ಎತ್ತಿ ತೋರಿಸಿದರು. "ನನಗ ಯಾರೂ ಹೇಳಿಲ್ಲ. ಮುಂಜಾನೆದ್ದು ಒಗ್ಗರಣಿ ವಾಸನಿಗಿ ಹಿತ್ತಲಕ್ಕ ಓಡೂದು ನಾ ನೋಡಿಲ್ಲೇನ?"

ಸುಜಾತಾ ತಲೆ ತಗ್ಗಿಸಿ ಕಾಳು ಇಟ್ಟಳು. ಅದು ತಟ್ಟೆಯಿಂದ ಆಚೆ ಉರುಳಿತು. ಹಿಡಿದು ಮತ್ತೆ ಇಟ್ಟಳು.

ಆಗ ನನಗೆಲ್ಲ ತಿಳಿಯಿತು. ಪ್ರತಿ ವರ್ಷ ಹೊಳೆಯ ದಂಡೆಯ ಹುತ್ತಕ್ಕೆ ಸೊಸೆಯೇ ಆಯಿಯ ಕೈಹಿಡಿದು ಕರೆದೊಯ್ಯುತ್ತಿದ್ದಳು. ಶ್ರಾವಣದ ಜಿಟಿಜಿಟಿಯಲ್ಲಿ ದಾರಿಯೆಲ್ಲ ಜಾರು. ಬಸುರಿಯನ್ನು ಆ ದಾರಿಗೆ ಹಚ್ಚುವುದು ಬೇಡವೆಂದು ಆಯಿ ಯಾರಿಗೂ ಹೇಳದೆ ಮನೆಯಲ್ಲೇ ಎರೆದಿದ್ದರು. ಆ ಕೂಸಿನ ಹೆಸರಲ್ಲಿ ಮೊಟ್ಟಮೊದಲ ಸಲ ಎರೆದ ಹಾಲಿನಿಂದ, ಪಂಚಮಿಯ ದಿನವೇ, ಈ ಮೀನು ಸತ್ತರೆ? ಆಯಿಯ ಅಂಜಿಕೆ ಅದೆಂದು ಸರದ ಮಣಿ ತಿರುಗಿಸುವ ಬೆರಳು ಹೇಳುತ್ತಿತ್ತು.

ಬಟ್ಟಲಿನ ಅಳತೆ ತೆಗೆದು ನಲವತ್ತೆರಡರಿಂದ ಗುಣಿಸಿದೆ. ಹೆಚ್ಚುಕಡಿಮೆ ಒಂದು ಲೀಟರು. ಅಷ್ಟರಲ್ಲಿ ಸುತಾರರ ವ್ಯಾನು ಬಂತು. ಅವರು ಟ್ಯಾಂಕನ್ನು ನೋಡಿ ಸೊಂಟಕ್ಕೆ ಕೈಯಿಟ್ಟು, "ಚಹಾ ಛಲೋ ಆಗೇತಿ, ಸಕ್ಕರಿ ಹಾಕೀರೇನ್ರಿ ಆಯಿ?" ಅಂದರು.

"ಬೆಲ್ಲಾ ಹಾಕೀನಿ," ಅಂದರು ಆಯಿ, ಗಂಭೀರವಾಗಿ.

ಸುತಾರರ ನಗು ಅಲ್ಲೇ ನಿಂತಿತು. ಬೆಲ್ಲದ ಹಾಲು ಬರೀ ಹಾಲಿಗಿಂತ ಬೇಗ ನೀರು ಕೆಡಿಸುತ್ತದೆ. ಕಣ್ಣಿಗೆ ಕಾಣದ ಹುಳಗಳು ಸಿಹಿಗೆ ಹೆಚ್ಚಿ, ನೀರಿನ ಗಾಳಿಯನ್ನೆಲ್ಲ ಉಸಿರಾಡಿಬಿಡುತ್ತವೆ. ಟ್ಯಾಂಕಿನ ಅರ್ಧಕ್ಕೂ ಹೆಚ್ಚು ನೀರು ಹೊರಹಾಕಿದೆವು, ತಂದ ನೀರು ತುಂಬಿದೆವು, ಹೊಲಸು ಹೀರುವ ಇದ್ದಲಿನ ಚೀಲ ಇಳಿಬಿಟ್ಟೆವು. ಮುಂದೆ ಮೂರು ದಿನ ಇದೇ ಕೆಲಸವಿತ್ತು. ಆದರೆ ಟ್ಯಾಂಕು ಯಾವಾಗಲೂ ಸರಿಯಾಗುತ್ತದೆ. ಡ್ರಮ್ಮಿನಲ್ಲಿದ್ದದ್ದರ ಮಾತು ಬೇರೆ. ಕೆಟ್ಟ ನೀರಲ್ಲಿ ಎಷ್ಟು ಹೊತ್ತು ಉಸಿರಾಡಿತ್ತೋ, ಒಳಗೆ ಎಷ್ಟು ಬೆಂದಿತ್ತೋ, ಹೊರಗಿನಿಂದ ಕಾಣುವುದಿಲ್ಲ.

ಆಯಿ ಕುರ್ಚಿ ಹಾಕಿಸಿಕೊಂಡು ಡ್ರಮ್ಮಿನ ಪಕ್ಕ ಕೂತರು. ಮುಂಜಾನೆಯಿಂದ ಹನಿ ನೀರು ಮುಟ್ಟಿರಲಿಲ್ಲ. ಉಳಿಯುತ್ತದೆಯೇ ಎಂದು ಕೇಳಿದರು. ಹೌದು ಎನ್ನಲು ಬಾಯಿಗೆ ಬಂದಿತ್ತು. ಮೂರು ವರ್ಷದ ಹಿಂದೆಯೂ ಹಾಗೆಯೇ ಒಂದು ಮಾತು ಬಾಯಿಗೆ ಬಂದು ಈ ಗತಿಯಾಗಿತ್ತು.

"ಗೊತ್ತಿಲ್ರಿ ಆಯಿ. ಸಂಜೀಮಟಾ ನೋಡಬೇಕು," ಅಂದೆ. ಹಾಗೆಯೇ ಉಳಿದದ್ದನ್ನೂ ಹೇಳಿದೆ. "ಇನ್ನೊಂದು ಐತ್ರಿ. ಅದು ಹಾವಲ್ಲ, ಮೀನ. ಅವತ್ತು ನಿಮಗ ಸುಳ್ಳು ಹೇಳಿದ್ನಿ."

ಆಯಿ ನನ್ನನ್ನು ದಿಟ್ಟಿಸಿ ನೋಡಿದರು. "ಮೂರು ವರ್ಷ ನೀರಾಗ ಇದ್ದದ್ದು ಮೀನ ಅಂತ ನಂಗ ತಿಳಿಯೂದಿಲ್ಲೇನ? ಮಗಾ ಅಷ್ಟು ಆಶಾ ಮಾಡಿದ್ದ. ಹಾವು ಅಂದ್ರ ಓಣ್ಯಾಗ ಯಾರೂ ಮಾತಾಡೂದಿಲ್ಲ ಅಂತ ಸುಮ್ಮನಾದ್ನಿ. ಹಾಲು ಎರಿಯೂದು ಹಾವಿಗಲ್ಲವಾ, ಮನ್ಯಾಗಿನ ಮಂದೀಗಿ."

ನಾನು ನೀರಿನ ಉಪ್ಪು ನೋಡಿದೆ. ಮತ್ತೆ ನೋಡಿದೆ. ನೋಡುವ ಅಗತ್ಯವಿರಲಿಲ್ಲ.

ಆಯಿ ಡ್ರಮ್ಮಿನೊಳಗೆ ಬಗ್ಗಿ ನೋಡುತ್ತ, "ಒಂದು ನಮಃ ಶಿವಾಯಕ್ಕ ಮೂರು ಸಲ ಬಾಯಿ ತಗೀತೈತಿ," ಅಂದರು. ಜಪದ ಮಣಿಯ ಜೊತೆ ಅದರ ಉಸಿರನ್ನು ಎಣಿಸುತ್ತಿದ್ದರು. ಗಡಿಯಾರ ಹಿಡಿದು ಉಸಿರೆಣಿಸುವುದನ್ನು ನಾನು ಎಷ್ಟೋ ವರ್ಷದಿಂದ ಮಾಡುತ್ತಿದ್ದೆ. ಇಷ್ಟು ಸಮನಾದ ಅಳತೆ ನನ್ನ ಕೈಗಡಿಯಾರದಲ್ಲೂ ಇರಲಿಲ್ಲ. ಅವರು ಹಾಗೆಯೇ ಎಣಿಸಲಿ ಎಂದು ಬಿಟ್ಟೆ. ಎರಡು ಗಂಟೆಗೆ ರಾಜಶೇಖರ ತಂಗಿಯನ್ನು ಕರೆತಂದ. ಸಂಗತಿ ಕೇಳಿ ಅವನ ಮುಖ ಮೊದಲು ಕಪ್ಪಿಟ್ಟಿತು. ನಲವತ್ತೆರಡನೆಯ ಕಾಳಿನ ಮಾತು ತಂಗಿಯ ಬಾಯಿಂದ ಕೇಳಿದ ಮೇಲೆ ಎರಡು ಸಲ ಡ್ರಮ್ಮಿಗೇ ಎಡವಿದ. ಮೂರು ಗಂಟೆಗೂ ಮಣಿಗೆ ಮೂರು ಉಸಿರೇ ಇತ್ತು. ನನಗೆ ಆಸೆ ಕಡಿಮೆಯಾಗುತ್ತ ಬಂತು.

ನಾಲ್ಕರ ಸುಮಾರಿಗೆ, "ಎರಡು," ಅಂದರು ಆಯಿ.

ನಾನು ಟಾರ್ಚು ಹಿಡಿದು ಬಗ್ಗಿದೆ. ಎರಡೇ. ಕಣ್ಣಿನ ಮೇಲಿನ ಮಂಜು ಹರಿದಿತ್ತು. ಟಾರ್ಚನ್ನು ಆಚೀಚೆ ಸರಿಸಿದರೆ ತಲೆಯೂ ಅದರ ಹಿಂದೆ ತಿರುಗಿತು. ಮೈ ಇನ್ನಷ್ಟು ಹೊರಗೆ ಬಂದು, ಡ್ರಮ್ಮಿನ ಒಳಸುತ್ತನ್ನು ಒಮ್ಮೆ ಸುತ್ತಿ, ಮತ್ತೆ ಪೈಪಿನೊಳಗೆ ಹೋಗಿ ತಲೆಯಷ್ಟೇ ಹೊರಗಿಟ್ಟಿತು. ಮನೆ ನೋಡಿ ಒಪ್ಪಿದವರ ಹಾಗೆ.

ಐದು ಗಂಟೆಗೆ ಆಯಿ ಸರವನ್ನು ಕೊರಳಿಗೆ ಹಾಕಿಕೊಂಡರು. "ಈಗ ಒಂದಕ್ಕ ಒಂದ. ನನ್ನ ಸಮಾ ಉಸಿರಾಡಾಕತ್ತೈತಿ," ಎಂದು ಎದ್ದು ನಿಂತರು. ಮೊಣಕಾಲು ಹಿಡಿದು ಅಡುಗೆಮನೆಗೆ ನಡೆದು, ಸಂಜೆ ಕರೆದ ಹಾಲನ್ನು ಕಾಯಿಸಿ, ಬೆಳ್ಳಿ ಬಟ್ಟಲು ಬಿಟ್ಟು ದೊಡ್ಡ ಲೋಟದಲ್ಲಿ ಸೊಸೆಯ ಮುಂದೆ ಹಿಡಿದರು. "ಎರಡು ಮಂದಿ ಪಾಲು ಐತಿ, ಪೂರಾ ಕುಡೀಬೇಕು." ಸುಜಾತಾ ಕುಡಿದಳು. ಆಮೇಲೆ ಆಯಿಯೂ ಉಂಡಿ ಮುರಿದು ಬಾಯಿಗೆ ಹಾಕಿಕೊಂಡರು, ನನಗೂ ಕೊಟ್ಟರು.

ಇಷ್ಟೇ ಹೇಳುವುದಿತ್ತು. ಬೇಟೆಮೀನು ಸಾಕುವ ಮನೆಗೆ ಹೋದರೆ ಮೊದಲು ಆ ಮನೆಯ ಹಿರಿಯರ ಹತ್ತಿರ ಕೂತು, ಅದು ಏನು, ಏನು ತಿನ್ನುತ್ತದೆ, ಯಾವುದರಿಂದ ಸಾಯುತ್ತದೆ ಎಂದು ಖರೆ ಖರೆ ಹೇಳಿ. ನಿಮಗಿಂತ ಹೆಚ್ಚು ಅವರಿಗೇ ಗೊತ್ತಿದ್ದೀತು, ಆದರೂ ಹೇಳಿ.

ಸುತಾರರ ವ್ಯಾನಿನಲ್ಲಿ, ಖಾಲಿ ಕ್ಯಾನುಗಳ ನಡುವೆ ಕೂತು ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆ. ಜಳಕ ಮಾಡಿ, ಪೂಜೆಗೆ ಕೂತು, ಎದ್ದೆ. ಮನೆಯವರು ಹಸಿದಿದ್ದರು. ಜೋಳದ ಹಿಟ್ಟು ಸೋಸಿಕೊಂಡು ರೊಟ್ಟಿಗೆ ಎಸರು ಇಟ್ಟೆ.